ಅಂಗೈ ಅಡ್ಡ ಹಿಡಿದವಳಿಗೆ

ಮಕ್ಕಳ ರೈಲಿನ ಎದುರಿನ ಕಲ್ಲುಬೆಂಚು,
ಜೂನ್ ೧೪, ಶನಿವಾರ, ಊಟದ ಬಿಡುವು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೊತ್ತು ಹೊತ್ತಿಗೆ ಊಟ ಮಾಡುತ್ತೀಯೋ, ಇಲ್ಲ ಆಗಿನ ಹಾಗೇ ತಟ್ಟೆ ಮುಂದಿಟ್ಟುಕೊಂಡು ಕಿಟಕಿ ನೋಡುತ್ತಾ ಕೂರುತ್ತೀಯೋ? ಕಾಲುನೋವು ಹೇಗಿದೆ? ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡಿ ಮನೆಗೆ ಬಂದವಳೇ ಗೋಡೆಗೆ ಕಾಲು ಎತ್ತಿ ಮಲಗುತ್ತಿದ್ದೆಯಲ್ಲ, ಅದು ನನಗೆ ಮರೆತಿಲ್ಲ. ಈಗಲೂ ನೋಡಿದಾಗಲೆಲ್ಲ ನೀನು ನಿಂತೇ ಇರುತ್ತೀಯ. ಕೂತುಕೋ ಮಹಾತಾಯಿ, ಯಾರೂ ಬೇಡ ಅಂದಿಲ್ಲ. ನಾನು ಚೆನ್ನಾಗಿದ್ದೇನೆ, ಚೆನ್ನಾಗಿ ದಪ್ಪಗೂ ಆಗಿದ್ದೇನೆ. ನೀನು ನೋಡಿದರೆ ಗುರುತು ಹಿಡಿಯುವುದಿಲ್ಲ ಎಂದು ಬರೆಯಲು ಹೊರಟಿದ್ದೆ. ಆದರೆ ಹಿಡಿದಿದ್ದೀಯ ಎಂದೇ ನನಗೆ ಅನ್ನಿಸುತ್ತಿದೆ.

ಅಮ್ಮನ ವಿಷಯ ಮೊದಲು ಹೇಳಿಬಿಡುತ್ತೇನೆ. ಮೈಯೆಲ್ಲ ಗಟ್ಟಿಯಾಗಿದೆ, ಬಾಯಂತೂ ಇನ್ನೂ ಗಟ್ಟಿ. ಕಣ್ಣು ಮಾತ್ರ ಕೈಕೊಟ್ಟಿದೆ. ಬಲಗಣ್ಣು ಹೋದ ವರ್ಷವೇ ಹೋಯಿತು. ಎಡಗಣ್ಣಿಗೆ ಈಗ ನಡುವೆ ಒಂದು ಕಿಂಡಿಯಷ್ಟು ಕಾಣುತ್ತದಂತೆ, ಬೀಗದ ತೂತಿನಲ್ಲಿ ಹಣಕಿ ನೋಡಿದ ಹಾಗೆ. ಈ ತಿಂಗಳು ಕಳೆದರೆ ಅದೂ ಮುಚ್ಚಿಕೊಳ್ಳಬಹುದು ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಅವಳಿಗೆ ಅದರ ಹೆದರಿಕೆಯೇ ಇಲ್ಲ. ಅಂಗಿಗೆ ಗುಂಡಿ ಹಾಕುವುದಕ್ಕೆ ಕಣ್ಣು ಯಾಕೆ ಬೇಕು ಅನ್ನುತ್ತಾಳೆ, ಸೂಜಿಯನ್ನು ನಾಲಿಗೆಯ ತುದಿಗೆ ತಾಗಿಸಿಕೊಂಡು ದಾರ ಪೋಣಿಸುತ್ತಾಳೆ, ನೋಡುತ್ತಾ ಕೂತ ನನಗೆ ಜೀವ ಬಾಯಿಗೆ ಬರುತ್ತದೆ. ಆದರೆ ಮೊನ್ನೆ ಹೊಲಿಯುತ್ತಿದ್ದವಳು ಇದ್ದಕ್ಕಿದ್ದ ಹಾಗೆ, ‘ಅವಳ ಮುಖ ಹೆಂಗಿತ್ತೇ?’ ಎಂದು ಕೇಳಿದಳು. ನಿನ್ನ ಹೆಸರು ಹೇಳಲಿಲ್ಲ. ಇಪ್ಪತ್ತೆರಡು ವರ್ಷದಿಂದ ನಿನ್ನ ಹೆಸರು ಅವಳ ಬಾಯಲ್ಲಿ ಬಂದಿಲ್ಲ. ಕಣ್ಣು ಪೂರ್ತಿ ಮುಚ್ಚುವ ಮೊದಲು ಒಂದು ಸಲ ನೋಡಬೇಕಿತ್ತು ಅಂದಳು. ನಾನು ವಿವರಿಸಲು ಹೋದೆ, ಮೂಗು ಹೀಗಿತ್ತು, ಹುಬ್ಬು ಹಾಗಿತ್ತು ಎಂದು. ನನಗೂ ನೆನಪಿಗೆ ಬರಲಿಲ್ಲ ಅಕ್ಕಾ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಫೋಟೋ ನೋಡೋಣವೆಂದರೆ ನಮ್ಮ ಆಲ್ಬಮ್ಮಿನಲ್ಲಿ ನೀನಿರುವ ಹನ್ನೊಂದು ಫೋಟೋಗಳಲ್ಲಿ ಹನ್ನೊಂದರಲ್ಲೂ ನಿನ್ನ ಅಂಗೈ ಇದೆ, ಮುಖವಿಲ್ಲ. ಕ್ಯಾಮೆರಾ ಕಂಡರೆ ಸಾಕು, ಅಂಗೈ ಅಡ್ಡ ಬರುತ್ತಿತ್ತು. ಕಿರುಬೆರಳ ಬುಡದಲ್ಲಿ ಇಸ್ತ್ರಿ ಪೆಟ್ಟಿಗೆಯ ಮೂತಿ ತಾಗಿ ಆದ ಮೂರು ಮೂಲೆಯ ಕಲೆ ಮಾತ್ರ ಎಲ್ಲದರಲ್ಲೂ ಸ್ಪಷ್ಟ. ಅದೇ ಕೈಯಲ್ಲಿ ನೀನು ಹಿಂದಿನಿಂದ ಸದ್ದಿಲ್ಲದೆ ಬಂದು ನನ್ನ ಕಣ್ಣು ಮುಚ್ಚುತ್ತಿದ್ದೆ, ‘ಯಾರು ಹೇಳು ನೋಡೋಣ!’ ನನ್ನ ಎರಡು ಕಣ್ಣಿಗೂ ನಿನ್ನ ಒಂದು ಅಂಗೈ ಸಾಕಾಗುತ್ತಿತ್ತು. ಬಿಸಿಬಿಸಿ ಕೈ, ಬಟ್ಟೆಗೆ ಹಾಕುವ ಗಂಜಿಯ ವಾಸನೆ. ನಾನು ಬೇಕೆಂದೇ ಪಕ್ಕದ ಮನೆಯವರ, ಲಾಂಡ್ರಿ ಯಜಮಾನರ, ಹಾಲಿನವಳ ಹೆಸರೆಲ್ಲ ಹೇಳುತ್ತಿದ್ದೆ. ನಿನ್ನ ಹೆಸರು ಬರುವ ತನಕ ನೀನು ಕೈ ತೆಗೆಯುತ್ತಿರಲಿಲ್ಲ, ಬಂದ ತಕ್ಷಣ ಬಿಟ್ಟು ಓಡಿಬಿಡುತ್ತಿದ್ದೆ.

ಮುಖ ಕಾಣುವ ಫೋಟೋ ಒಂದೇ ಒಂದಿತ್ತು. ಅದರ ಕಥೆ ನಿನಗೆ ಗೊತ್ತು, ಆದರೂ ಒಮ್ಮೆ ನನ್ನ ಬಾಯಿಂದಲೇ ಕೇಳಿಸಿಕೋ, ಇಷ್ಟು ವರ್ಷ ನಾನದನ್ನು ಯಾರ ಮುಂದೆಯೂ ಬಿಡಿಸಿ ಹೇಳಿಲ್ಲ. ನನಗೆ ಆಗ ಹದಿನಾರು. ಗೆಳತಿಯ ಕ್ಯಾಮೆರಾ ತಂದಿದ್ದೆ. ರಜಾದಿನದ ಮಧ್ಯಾಹ್ನ ನೀನು ತೋಳಿನ ಮೇಲೆ ಕೆನ್ನೆಯಿಟ್ಟು, ಬಾಯಿ ಒಂಚೂರು ತೆರೆದು ನಿದ್ದೆ ಹೋಗಿದ್ದೆ. ಅಂಗೈ ಅಡ್ಡ ಬರುವಂತಿಲ್ಲವಲ್ಲ ಎಂದು ನನಗೆ ಒಳಗೊಳಗೇ ನಗು. ಕ್ಲಿಕ್ ಅನ್ನಿಸಿದೆ. ಸ್ಟುಡಿಯೋದವರು ತೊಳೆದು ಕೊಡುವಾಗ, ‘ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದ್ದಾಳೆ! ಇದನ್ನ ನಾನೊಂದು ಕಡೆ ಹಾಕ್ಕೊಳ್ಳಲಾ?’ ಅಂದರು. ‘ಹಾಕ್ಕೊಳ್ಳಿ, ಅದಕ್ಕೇನಂತೆ’ ಅಂದೆ, ನಿನ್ನ ಮುಖಕ್ಕೆ ನಾನೇ ಯಜಮಾನಿ ಅನ್ನುವ ಹಾಗೆ. ಒಂದು ತಿಂಗಳಿಗೆ ಹಾಸಿಗೆ ಅಂಗಡಿಯಿಂದ ಎರಡು ಹೊಸ ದಿಂಬು ಮನೆಗೆ ಬಂದವು. ಅದರ ಮಾರನೆಯ ದಿನ ಬಸ್ ನಿಲ್ದಾಣದಲ್ಲಿ, ಮಾರುಕಟ್ಟೆಯ ಗೋಡೆಯಲ್ಲಿ, ನಿನ್ನ ಲಾಂಡ್ರಿಯ ಎದುರಿನ ಕಟ್ಟಡದ ಮೇಲೆ, ಇಪ್ಪತ್ತಡಿ ಉದ್ದದ ನೀನು ಬಾಯಿ ತೆರೆದು ಮಲಗಿದ್ದೆ. ಮೇಲೆ ‘ಇಂಥ ನಿದ್ದೆ ನಿಮ್ಮದಾಗಲಿ’, ಕೆಳಗೆ ಆ ಹಾಸಿಗೆ ಅಂಗಡಿಯ ಹೆಸರು. ದಾರಿಯಲ್ಲಿ ಹೋದರೆ ಗುರುತಿಲ್ಲದವರೆಲ್ಲ ‘ಎದ್ಯಾ? ನಿದ್ದೆ ಆಯ್ತಾ?’ ಎಂದು ಕೇಳುವವರು. ನೀನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ನನ್ನನ್ನ ಒಂದು ಮಾತು ಕೇಳ್ಬೇಕಿತ್ತು’ ಅಂದೆ, ಅಷ್ಟೆ. ಮೂರು ತಿಂಗಳ ನಂತರ ಒಂದು ಮಂಗಳವಾರ ಎಂದಿನಂತೆ ಊಟದ ಡಬ್ಬಿ ಹಿಡಿದುಕೊಂಡು ಹೊರಟವಳು ಲಾಂಡ್ರಿಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ನಮ್ಮಲ್ಲಿದ್ದ ಪ್ರತಿಯನ್ನು ಅಮ್ಮ ಆವತ್ತೇ ಒಲೆಗೆ ಹಾಕಿದಳು. ದಿಂಬುಗಳಲ್ಲಿ ಒಂದನ್ನು ಇಟ್ಟುಕೊಂಡಿದ್ದಾಳೆ, ಈಗಲೂ ಅದರ ಮೇಲೇ ಮಲಗುತ್ತಾಳೆ.

ನಾನು ಸೇರಿರುವ ಕೆಲಸ ಕೇಳಿದರೆ ನಿನಗೆ ನಗು ಬರುತ್ತದೆ. ಈ ಆಟದ ಪಾರ್ಕಿನಲ್ಲಿ ಟಿಕೆಟ್ ಕಟ್ಟಡದ ಮೇಲೆ ‘ಒಪ್ಪಿಗೆ ಕೋಣೆ’ ಎಂದು ಒಂದಿದೆ, ಒಂದು ಮೇಜು, ಒಂದು ಫ್ಯಾನು, ನಾನು. ಬಂದವರ ಫೋಟೋ ತೆಗೆಯುವವನೊಬ್ಬ ಇದ್ದಾನೆ, ಎಲ್ಲರಿಗೂ ‘ನಗಿ, ನಗಿ’ ಅನ್ನುವುದರಿಂದ ಅವನಿಗೆ ನಗಿನಗಿ ಎಂದೇ ಹೆಸರು. ಅವನು ತೆಗೆದದ್ದು, ಆಟಗಳಲ್ಲಿ ಕೂರಿಸಿರುವ ಕ್ಯಾಮೆರಾಗಳು ತಾವೇ ತೆಗೆದದ್ದು, ಎಲ್ಲ ನನ್ನ ಕಂಪ್ಯೂಟರಿಗೆ ಬರುತ್ತದೆ. ಜಾಹೀರಾತಿಗೆ ಒಗ್ಗುವಂಥದ್ದು ಸಿಕ್ಕರೆ ಅದರಲ್ಲಿರುವವರಿಗೆ ನಾನು ಸಂದೇಶ ಕಳಿಸಬೇಕು: ‘ನಿಮ್ಮ ನಗು ನಮಗೆ ಇಷ್ಟವಾಯಿತು. ಈ ಫೋಟೋ ಬಳಸಬಹುದೇ? ಹೌದು ಅಥವಾ ಇಲ್ಲ ಎಂದು ತಿಳಿಸಿ.’ ಒಂದೊಂದು ಮುಖಕ್ಕೂ ಒಂದೊಂದು ಹೌದು ಬೇಕು. ಇಲ್ಲ ಅಂದವರನ್ನು, ಉತ್ತರಿಸದವರನ್ನು ನಾನೇ ಅಳಿಸಿ ಆ ಜಾಗದಲ್ಲಿ ಒಂದಿಷ್ಟು ಗೋಡೆ, ಆಕಾಶ, ಎಲೆ ತುಂಬುತ್ತೇನೆ. ಒಂಬತ್ತು ವರ್ಷದಲ್ಲಿ ಕೇಳದೆ ಒಂದು ಮುಖವನ್ನೂ ಆ ಬಾಗಿಲು ದಾಟಿಸಿಲ್ಲ. ಜಾಹೀರಾತು ನೋಡಿಕೊಳ್ಳುವ ಮೇಡಂ ನನ್ನನ್ನು ಅತಿ ಶಿಸ್ತಿನವಳು ಎಂದು ಹೊಗಳುತ್ತಾರೆ, ನಾನು ಮುಂದಿನ ಫೋಟೋ ತೆರೆಯುತ್ತೇನೆ.

ಮಾರ್ಚಿನಲ್ಲಿ ದೋಣಿ ಕೊಳದ ಒಂದು ಫೋಟೋ ಬಂತು. ಅಪ್ಪ, ಅಮ್ಮ, ಇಬ್ಬರು ಅವಳಿ ಹುಡುಗಿಯರು, ನಾಲ್ವರೂ ಬಾಯಿ ಅಗಲಿಸಿ ನಗುತ್ತಿದ್ದರು. ಹಿಂದೆ ಕೊಳದ ಗೋಡೆಗೆ ಒರಗಿ ಒಬ್ಬಳು ಹೆಂಗಸು, ಮುಖಕ್ಕೆ ಅಂಗೈ ಅಡ್ಡ. ಬಿಸಿಲಿಗೆ ಹಿಡಿದಿರಬೇಕು ಎಂದುಕೊಂಡು ದೊಡ್ಡದು ಮಾಡಿ ನೋಡಿದೆ. ಕಿರುಬೆರಳ ಬುಡದಲ್ಲಿ ಮೂರು ಮೂಲೆಯ ಕಲೆ. ಆ ಕುಟುಂಬಕ್ಕೆ ಎಂದಿನ ಸಂದೇಶ ಕಳಿಸಿದೆ. ಆ ಮನೆಯ ಯಜಮಾನರಿಂದ ಸಂಜೆಯೇ ಉತ್ತರ ಬಂತು: ‘ಹೌದು, ಧಾರಾಳವಾಗಿ ಬಳಸಿ. ಆದರೆ ನಮ್ಮ ಹಿಂದೆ ಯಾರೂ ಇರಲಿಲ್ಲವಲ್ಲ?’ ಮೇಡಂ, ಆ ಹೆಂಗಸನ್ನು ಅಳಿಸಿಬಿಡು ಅಂದರು. ಅಳಿಸಿದೆ ಅಕ್ಕಾ. ಪಕ್ಕದ ಗೋಡೆಯನ್ನು ಎಳೆದು ನಿನ್ನ ಮೇಲೆ ಹೊದಿಸಿದೆ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಕೊಳದ ಹತ್ತಿರ ತೋಟದ ಮುದುಕ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದ. ಉದ್ದಕ್ಕೂ ಪಾಚಿ ಹಿಡಿದ ಗೋಡೆಯಲ್ಲಿ ಒಂದು ಕಡೆ ಮಾತ್ರ, ಒಬ್ಬ ಹೆಂಗಸಿನ ಎತ್ತರಕ್ಕೆ, ಈಗಷ್ಟೇ ಉಜ್ಜಿ ತೊಳೆದಷ್ಟು ಬೆಳ್ಳಗಿತ್ತು. ‘ನಾನಂತೂ ತೊಳೆದಿಲ್ಲ ಕಣಮ್ಮ’ ಅಂದ.

ಆಮೇಲೆ ನಿನ್ನನ್ನು ಅಳಿಸಲು ನನಗೆ ಕೈ ಬರಲಿಲ್ಲ. ಇನ್ನೊಂದು ಫೋಟೋದಲ್ಲಿ ನೀನು ಎತ್ತರದ ಜಾರುಬಂಡೆಯ ಮೇಲೆ ನಿಂತಿದ್ದೆ, ಕಂಬಿಯ ಆಚೆ, ಕಾಲಿಡಲು ಏನೂ ಇಲ್ಲದ ಕಡೆ. ಫೋಟೋ ಮಸುಕಾಗಿದೆ ಎಂದು ಬರೆದು ಅದನ್ನು ಪಕ್ಕಕ್ಕಿಟ್ಟೆ. ಅದು ಆ ಕೋಣೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು. ಮೇ ತಿಂಗಳಲ್ಲಿ ನೀನು ಸುರಂಗದ ರೈಲಿನ ಫೋಟೋದಲ್ಲಿ ಕಂಡೆ. ಅಲ್ಲಿ ಕತ್ತಲಲ್ಲಿ ಕ್ಯಾಮೆರಾ ತಾನೇ ಫೋಟೋ ಹೊಡೆಯುತ್ತದೆ, ಮುಂದಿನವರೆಲ್ಲ ಕಿರುಚುತ್ತಿದ್ದರು, ಬೆಲ್ಟು ಕಿತ್ತುಹೋಗಿದೆಯೆಂದು ಹಗ್ಗ ಕಟ್ಟಿಟ್ಟಿರುವ ಕೊನೆಯ ಸೀಟಿನ ಹಿಂದೆ ನೀನು ನಿಂತಿದ್ದೆ. ಈ ಸಲ ಬೆರಳುಗಳು ಒಂಚೂರು ಬಿಡಿಸಿಕೊಂಡಿದ್ದವು. ಸಂದಿಯಲ್ಲಿ ಒಂದು ಕಣ್ಣು. ಕ್ಯಾಮೆರಾವನ್ನಲ್ಲ, ನನ್ನನ್ನು ನೋಡುತ್ತಿತ್ತು. ಕುರ್ಚಿ ಸರಿಸಿ ನೋಡಿದೆ, ಎದ್ದು ಬಾಗಿಲ ಹತ್ತಿರ ಹೋಗಿ ನೋಡಿದೆ, ಆಗಲೂ ನನ್ನನ್ನೇ. ಆವತ್ತು ರಜೆ ಹಾಕಿ ಮನೆಗೆ ಹೋದೆ.

ಈಗ ಈ ಬೆಂಚು. ಗುರುವಾರ ಇಲ್ಲಿ ಕೂತ ಒಬ್ಬ ತಾತ ಮತ್ತು ಮೊಮ್ಮಗಳ ಫೋಟೋವನ್ನು ಹೊರಗಿನ ಗೇಟಿನ ದೊಡ್ಡ ಬೋರ್ಡಿಗೆ ಆರಿಸಿದ್ದಾರೆ. ಅವರ ಮನೆಯವರಿಂದ ಹೌದು ಬಂದಿದೆ. ಬೆಂಚಿನ ಹಿಂದೆ ನೀನಿದ್ದೀಯ, ಅಂಗೈ ಅಡ್ಡ. ಸೋಮವಾರ ಅಚ್ಚಿಗೆ ಹೋಗುತ್ತದೆ, ಇವತ್ತು ಸಂಜೆಯೊಳಗೆ ಆ ಹೆಂಗಸಿನ ಒಪ್ಪಿಗೆ ತಾ, ಇಲ್ಲವಾದರೆ ಅಳಿಸು ಎಂದು ಮೇಡಂ ಹೇಳಿದ್ದಾರೆ. ನಿನ್ನ ವಿಳಾಸವಿಲ್ಲ, ನಂಬರಿಲ್ಲ. ಅದಕ್ಕೇ ಊಟ ಬಿಟ್ಟು ಇಲ್ಲೇ ಬಂದು ಕೂತು ಬರೆಯುತ್ತಿದ್ದೇನೆ. ಎರಡು ಸಲ ತಿರುಗಿ ನೋಡಿದೆ, ಹಿಂದೆ ಯಾರೂ ಇಲ್ಲ. ನೆತ್ತಿಯ ಮೇಲೆ ಬಿಸಿಲು ಸುಡುತ್ತಿದೆ, ಈ ಕಾಗದದ ಮೇಲೆ ಮಾತ್ರ ನೆರಳಿದೆ.

ಹೆದರಬೇಡ, ಬೋರ್ಡಿಗೆ ನಿನ್ನನ್ನು ಕೊಡುವುದಿಲ್ಲ. ನೀನು ಹೌದು ಅಂದರೂ ಕೊಡುವುದಿಲ್ಲ, ಆಣೆ ಮಾಡಿ ಹೇಳುತ್ತೇನೆ. ನಾನು ಕೇಳುವುದು ಬೇರೆ. ನಿನ್ನ ಮುಖವನ್ನು ಒಂದೇ ಒಂದು ಸಲ ಅಮ್ಮನಿಗೆ ತೋರಿಸಲೇ? ಆಗ ಕೇಳಬೇಕಿದ್ದ ಮಾತನ್ನು ಈಗ ಕೇಳುತ್ತಿದ್ದೇನೆ. ಒಪ್ಪಿಗೆಯಾದರೆ ಯಾವುದಾದರೂ ಒಂದು ಫೋಟೋದಲ್ಲಿ ಮುಖದ ಮೇಲಿನ ಕೈ ತೆಗೆ, ಸಾಕು. ಇಷ್ಟವಿಲ್ಲದಿದ್ದರೆ ಹಾಗೇ ಇರು. ಸಂಜೆ ಅಳಿಸುತ್ತೇನೆ, ಮತ್ತೆ ಕಾಡುವುದಿಲ್ಲ, ಅವಳ ಮುಖ ನೆನಪಿಲ್ಲ ಎಂದು ಅಮ್ಮನಿಗೆ ನಿಜ ಹೇಳಿಬಿಡುತ್ತೇನೆ. ಬಾಗಿಲು ಹಾಕುವ ಹೊತ್ತಿಗೆ ಬಂದು ಈ ಪತ್ರವನ್ನು ಬೆಂಚಿನ ಮೇಲೆ ಕಲ್ಲು ಹೇರಿ ಇಟ್ಟು ಹೋಗುತ್ತೇನೆ.

ಆರೋಗ್ಯ ನೋಡಿಕೋ. ಸ್ವಲ್ಪ ಕೂತುಕೋ. ಅಮ್ಮನ ಆಶೀರ್ವಾದಗಳು ಎಂದು ಬರೆಯಲು ಹೊರಟೆ, ಅವಳನ್ನೂ ಕೇಳದೆ ಬರೆಯುವುದು ಬೇಡ. ನನ್ನ ನಮಸ್ಕಾರವಷ್ಟೆ.

ನಿನ್ನ ತಂಗಿ,
ಬಡಬಡಿ

ತಾ.ಕ.: ಮೇಲೆ ಕೋಣೆಗೆ ಬಂದು ಅರ್ಧ ಗಂಟೆಯಾಯಿತು. ಅಕ್ಷರ ಸೊಟ್ಟಗಾದರೆ ಬೈಯಬೇಡ. ಊಟದ ಹೊತ್ತಿನಲ್ಲಿ ನಗಿನಗಿ ತೆಗೆದ ಫೋಟೋಗಳು ಈಗ ಬಂದವು. ಒಂದರಲ್ಲಿ ನಾನಿದ್ದೇನೆ, ಬೆಂಚಿನ ಮೇಲೆ ಬಗ್ಗಿ ಬರೆಯುತ್ತಿದ್ದೇನೆ. ನನ್ನನ್ನು ಕೇಳದೆಯೇ ತೆಗೆದಿದ್ದಾನೆ. ಹಿಂದೆ ನೀನು. ಮುಖದ ಮೇಲೆ ಕೈಯಿಲ್ಲ. ನಿನಗೂ ನರೆ ಬಂದಿದೆ ಅಕ್ಕಾ, ಗಲ್ಲ ಥೇಟ್ ಅಮ್ಮನದೇ ಆಗಿದೆ, ಕಣ್ಣು ಎರಡೂ ತೆರೆದಿವೆ. ಕೈ ನನ್ನ ಕಣ್ಣುಗಳ ಮೇಲಿದೆ. ಅಲ್ಲಿ ಕೂತಿದ್ದಾಗ ನನಗೇನೂ ಗೊತ್ತಾಗಲಿಲ್ಲ, ಈಗ ಗೊತ್ತಾಗುತ್ತಿದೆ. ಬಿಸಿಯಾಗಿದೆ. ಕೋಣೆಯೆಲ್ಲ ಗಂಜಿಯ ವಾಸನೆ. ಬೆರಳ ಸಂದಿಯಲ್ಲಿ ಒಂದು ಕಿಂಡಿಯಷ್ಟು ಕಾಣುತ್ತಿದೆ, ಅಮ್ಮನಿಗೆ ಕಾಣುವಷ್ಟೇ, ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ. ಫೋಟೋದ ಒಂದು ಪ್ರತಿ ತೆಗೆದು ಚೀಲದಲ್ಲಿಟ್ಟುಕೊಂಡೆ. ಪತ್ರವನ್ನು ಬೆಂಚಿನ ಮೇಲೆ ಇಡುವುದಿಲ್ಲ, ನೀನು ಆಗಲೇ ಓದಿದ್ದೀಯ. ನಿನ್ನ ಹೆಸರು ಇನ್ನೂ ಹೇಳಿಲ್ಲ, ತುಟಿ ಕಚ್ಚಿಕೊಂಡು ಕೂತಿದ್ದೇನೆ. ಹೇಳಿದರೆ ಕೈ ತೆಗೆದು ಓಡಿಬಿಡುತ್ತೀಯ. ಹೀಗೇ ಹಿಡಿದುಕೊಂಡು ಮನೆಯವರೆಗೆ ಬಾ. ದಾರಿ ನನಗೆ ಕಾಣದಿದ್ದರೂ ನಿನಗೆ ಕಾಣುತ್ತದೆ. ಹೆಸರು ಅಮ್ಮ ಹೇಳಲಿ.