ಕಲ್ಲಿಯೋಪಿ ಕಾಯ್ದಿಟ್ಟ ವಾರ

ಸಿಫ್ನೋಸ್ ದ್ವೀಪ, ಗ್ರೀಸ್
ಎರಡನೆಯ ಸೆಪ್ಟೆಂಬರ್, ೨೧೭೪

ಪ್ರೀತಿಯ ಮಂಗಳಜ್ಜಿಗೆ,

ತಾರೀಕು ನೋಡಿ ಗಾಬರಿಯಾಗಬೇಡ. ನಿನ್ನನ್ನು ಅಜ್ಜಿ ಎಂದದ್ದಕ್ಕೂ ಕ್ಷಮಿಸು. ನೀನಿನ್ನೂ ತಲೆಗೆ ಬಣ್ಣ ಹಚ್ಚಿಕೊಂಡು ಧಾರವಾಡದ ಪೇಟೆಯಲ್ಲಿ ಓಡಾಡುವವಳು, ನಾನೋ ಎಪ್ಪತ್ತು ದಾಟಿದವಳು. ಆದರೂ ನಾನು ನಿನ್ನ ಮೊಮ್ಮಗಳ ಮೊಮ್ಮಗಳು, ನೇಸರಾ. ನನ್ನ ಕೆಲವು ಮಾತುಗಳು ನಿನ್ನ ಕಾಲಕ್ಕೆ ಇನ್ನೂ ಹುಟ್ಟಿಲ್ಲ, ಅಲ್ಲಲ್ಲಿ ಬಿಡಿಸಿ ಹೇಳುತ್ತೇನೆ. ಇದು ಹಿಂದಂಚೆಯಲ್ಲಿ ಬರುತ್ತಿರುವ ಕಾಗದ. ಕಳೆದ ಕಾಲಕ್ಕೆ ಹೋಗುವ ಅಂಚೆ ಅದು, ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಹೆಚ್ಚಿನವರು ತೀರಿಹೋದ ಗಂಡನಿಗೋ ತಾಯಿಗೋ ಬರೆಯುತ್ತಾರೆ. ನಾನು ನಿನಗೆ ಬರೆಯುತ್ತಿದ್ದೇನೆ, ಏಕೆಂದರೆ ನಿನ್ನ ಕೈಯಲ್ಲಿ ಇನ್ನೂ ಸಮಯವಿದೆ.

ನಿನ್ನ ಲೆಕ್ಕದಲ್ಲಿ ಹೋದ ತಿಂಗಳು ನೀನೂ ನಿನ್ನ ಗಂಡನೂ ಈ ದ್ವೀಪದಲ್ಲಿ ಒಂದು ವಾರಕ್ಕೆ ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದಿರಿ. ಸುಣ್ಣದ ಗೋಡೆ, ನೀಲಿ ಕಿಟಕಿ, ಅಂಗಳದಲ್ಲಿ ಅಂಜೂರದ ಮರ. ಮನೆಯೊಡತಿ ಕಲ್ಲಿಯೋಪಿ ಪಕ್ಕದ ಕೋಣೆಯಲ್ಲಿ ಒಬ್ಬಳೇ ಇರುವ ವಿಧವೆ. ಅವಳು ಮಣ್ಣಿನ ಗಡಿಗೆಯಲ್ಲಿ ಕಡಲೆ ಬೇಯಿಸಿ ತಂದಾಗ ನೀನು ಅದರ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ ಅವಳಿಗೂ ತಿನ್ನಿಸಿದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಅವಳು ಇನ್ನಷ್ಟು ಹಾಕು ಎಂದಳಂತೆ. ಕೊನೆಗೆ ಹೊರಡುವ ದಿನ ನೀನು ಅವಳ ಕೈ ಹಿಡಿದು, “ಹೋಗಿ ಬರ್ತೀವ್ರಿ” ಎಂದೆ. ಬರೀ ಹೋಗ್ತೀವಿ ಎನ್ನಲು ನಮ್ಮವರ ನಾಲಿಗೆ ಏಳುವುದಿಲ್ಲ. ನಿನ್ನ ಮೊಬೈಲು ಅದನ್ನು ಗ್ರೀಕಿಗೆ ತಿರುಗಿಸಿ, ಇವರು ಹೋಗಿ ಮತ್ತೆ ಬರುತ್ತಾರೆ ಎಂದು ಗಟ್ಟಿಯಾಗಿ ಹೇಳಿತು. ಕಲ್ಲಿಯೋಪಿ, “ಯಾವಾಗ?” ಎಂದಳು. ನೀನು ನಕ್ಕು, “ಮುಂದಿನ ವರ್ಷ ಇದ ಹೊತ್ತಿಗೆ ಬರ್ತೀವ್ರಿ, ಯಾಕ ಬರೂದಿಲ್ಲ?” ಎಂದೆ. ನಮ್ಮೂರಲ್ಲಾದರೆ ಅದನ್ನು ಯಾರೂ ಮಾತು ಕೊಟ್ಟಂತೆ ಎಂದುಕೊಳ್ಳುತ್ತಿರಲಿಲ್ಲ. ಅವಳು ಅಂದುಕೊಂಡಳು.

ಇನ್ನು ಹೇಳುವುದು ನಿನಗಿನ್ನೂ ನಡೆದಿಲ್ಲ, ನನಗೆ ಹಳೆಯ ಕತೆ. ಮುಂದಿನ ವರ್ಷ ಆ ವಾರಕ್ಕೆ ಅವಳು ಮನೆಯನ್ನು ಬೇರೆ ಯಾರಿಗೂ ಕೊಡಲಿಲ್ಲ. ನೀನೋ ಮೊದಲು ಮಂಡಿನೋವು ಎಂದೆ, ಆಮೇಲೆ ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸುವ ಗಡಿಬಿಡಿಯಲ್ಲಿ ಅವಳನ್ನು ಮರೆತೇಬಿಟ್ಟೆ. ಅದರ ಮುಂದಿನ ವರ್ಷವೂ ಅವಳು ಕಾದಳು. ಬಾಡಿಗೆಗೆ ಕೇಳಿ ಬಂದವರಿಗೆ ತಿಳಿಯಲೆಂದು ನಿನ್ನ ಮಾತನ್ನೇ ಬಾಗಿಲ ಮೇಲೆ ಬಳಪದಲ್ಲಿ ಬರೆದಿಟ್ಟಳು. ಬ ಕಾರಕ್ಕೆ ಅವಳು ಬಳಸಿದ ಅವರ ಲಿಪಿಯ ಬೀಟಾ ಅಕ್ಷರವನ್ನು ಗ್ರೀಕರು ವ ಎಂದೇ ಓದುವುದರಿಂದ ಅದು ‘ವರ್ತಿವ್ರಿ’ ಆಯಿತು. ಅವಳ ನಂತರ ತಂಗಿಯ ಮಗಳು, ಆಮೇಲೆ ಆಕೆಯ ಮಕ್ಕಳು ಅದೇ ವಾರ ಮನೆ ಖಾಲಿ ಇಟ್ಟುಕೊಂಡು ಬಂದರು. ಇಂದು ಈ ದ್ವೀಪದಲ್ಲಿ, ಬರಬೇಕಾದವರಿಗಾಗಿ ಪಂಕ್ತಿಯಲ್ಲಿ ಬಿಟ್ಟ ಕುರ್ಚಿಗೂ ವರ್ತಿವ್ರಿ ಎನ್ನುತ್ತಾರೆ. ಅದು ಯಾವ ಭಾಷೆಯ ಮಾತೆಂದು ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಬದುಕಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಧಾರವಾಡದಲ್ಲಿ ವರ್ಷದ ಅರ್ಧ ಭಾಗ ಒಳದಿನಗಳು. ಬಿಸಿಲಿಗೆ ಹೆದರಿ ನೆಲಮನೆಗಳಲ್ಲಿ, ಅಂದರೆ ನೆಲದಡಿಯ ಓಣಿಗಳಲ್ಲಿ ಇರುತ್ತೇವೆ. ಅಲ್ಲಿಯೇ ಸಂತೆ, ಅಲ್ಲಿಯೇ ಶಾಲೆ, ದೀಪದ ಬೆಳಕಿನಲ್ಲಿ ಬೆಳೆದ ಮೆಂತ್ಯ ಸೊಪ್ಪು. ಬೇಸಿಗೆ ಹಿಗ್ಗಿ ಸೆಪ್ಟೆಂಬರನ್ನೂ ನುಂಗಿದ್ದರಿಂದ, ಬಿಸಿಲು ತಗ್ಗಿದ ಮೇಲೆ ಆ ತಿಂಗಳನ್ನು ಎರಡನೆಯ ಸಲ ಇಟ್ಟುಕೊಂಡಿದ್ದೇವೆ. ಮನೆ ಬಾಡಿಗೆಗೆ ಹಿಡಿಯುವುದು ಎಂಬುದೇ ಈಗ ಇಲ್ಲ. ಕಡಲ ಬದಿಯಲ್ಲಿ ಉಳಿದಿರುವ ಹಳೆಯ ಮನೆಗಳೆಲ್ಲ ಸರದಿಮನೆಗಳು, ಅಂದರೆ ಸರದಿಯ ಮೇಲೆ ಕೆಲವು ದಿನಕ್ಕೆ ಸಿಗುವಂಥವು, ಆ ಸರದಿ ನಮ್ಮಂಥವರಿಗೆ ಬರುವುದೇ ಇಲ್ಲ. ನಾನು ಕಡಲನ್ನು ಚಿತ್ರದಲ್ಲಿ ಮಾತ್ರ ನೋಡಿ ಮುದುಕಿಯಾದೆ. ಈ ವರ್ಷ ಕೂಗುಗೂಡಿನಲ್ಲಿ, ಅಂದರೆ ಊರೂರಿಗೆ ಸುದ್ದಿ ಸಾರುವ ಪೆಟ್ಟಿಗೆಯಲ್ಲಿ, ಒಂದು ಹೆಣ್ಣುದನಿ ಕೇಳಿತು. ವರ್ತಿವ್ರಿ ಎಂದರೇನೆಂದು ಬಲ್ಲವರಿದ್ದರೆ ಬನ್ನಿ, ಅವರ ವಾರ ಇಲ್ಲಿ ಕಾಯುತ್ತಿದೆ ಎಂದಳು. ಗ್ರೀಸಿನಲ್ಲಿ ನಿನ್ನ ಮೊಬೈಲು ಮಾತಾಡಿದ ಕತೆಯನ್ನು ನಮ್ಮ ಮನೆಯಲ್ಲಿ ಇಂದಿಗೂ ಹೇಳಿ ನಗುತ್ತಾರೆ. ನನಗೆ ಆ ಹೊತ್ತಿನಲ್ಲಿ ನಗು ಬರಲಿಲ್ಲ, ಅದು ನಿನ್ನ ಬರ್ತೀವ್ರಿಯೇ ಎಂದು ಹೊಳೆದು ಹೊರಟುಬಂದೆ.

ಆ ದನಿ ಫ್ರೋಸೊ ಎಂಬವಳದು, ಈಗ ಈ ಮನೆ ನೋಡಿಕೊಳ್ಳುವವಳು, ಕಲ್ಲಿಯೋಪಿಯ ತಂಗಿಯ ವಂಶದವಳು. ನಾನು ಬಾಗಿಲಲ್ಲಿ ನಿಂತು ಆ ಮಾತನ್ನು ಬ ಹಚ್ಚಿ ಸರಿಯಾಗಿ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿ, “ಬಹಳ ತಡಮಾಡಿದಿರಿ” ಎಂದಳು. ಆಮೇಲೆ ಇಬ್ಬರೂ ಅತ್ತೆವು.

ಈಗ ನಿನ್ನ ಕಿಟಕಿಯ ಬಳಿ ಕೂತಿದ್ದೇನೆ. ಹೊರಗೆ ನಿಜವಾದ ಕಡಲು. ಇಷ್ಟು ನೀಲಿ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಗಾಳಿಗೆ ಉಪ್ಪಿನ ರುಚಿ ಇದೆ, ಕಿಟಕಿ ಮುಚ್ಚಲು ಮನಸ್ಸೇ ಬರುವುದಿಲ್ಲ. ಹಿಂದಂಚೆಯವರು ಎಚ್ಚರಿಕೆ ಕೊಟ್ಟಿದ್ದಾರೆ, ಬರೆದಂತೆ ಅಲ್ಲಿ ನಡೆದರೆ ಇಲ್ಲಿ ನಿಮ್ಮ ದಿನಗಳು ಬೇರೆಯಾಗುತ್ತವೆ ಎಂದು. ಅಂದರೆ ನೀನು ಮಾತಿನಂತೆ ಮರಳಿ ಹೋದರೆ ಕಲ್ಲಿಯೋಪಿ ಕಾಯುವುದಿಲ್ಲ, ವರ್ತಿವ್ರಿ ಎಂಬ ಮಾತು ಹುಟ್ಟುವುದಿಲ್ಲ, ಈ ವಾರ ನನ್ನದಾಗುವುದಿಲ್ಲ. ನಾನು ನೆಲಮನೆಯಲ್ಲೇ ಉಳಿಯುತ್ತೇನೆ, ಏನು ಕಳೆದುಕೊಂಡೆನೆಂಬುದೂ ತಿಳಿಯದೆ. ಬರೆಯಲು ಕೂತು ಎಷ್ಟೋ ಸಲ ಎದ್ದು ಹೋದೆ. ನನಗೆ ಈ ಕಿಟಕಿ ಬೇಕು, ಅಜ್ಜಿ. ಬಹಳ ಬೇಕು.

ಆದರೆ ಫ್ರೋಸೊ ನಿನ್ನೆ ಅಂಗಳದ ಕಲ್ಲುಬೆಂಚು ತೋರಿಸಿದಳು. ಆ ವಾರವಿಡೀ ಕಲ್ಲಿಯೋಪಿ ಹಬ್ಬಕ್ಕೆಂದು ಎತ್ತಿಟ್ಟ ಒಳ್ಳೆಯ ಉಡುಪು ತೊಟ್ಟು ಅಲ್ಲಿ ಕೂರುತ್ತಿದ್ದಳಂತೆ. ಬಂದರಿನ ಬಸ್ಸು ಸದ್ದು ಮಾಡಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು, ಯಾರೂ ಇಳಿಯದಿದ್ದರೆ ಮತ್ತೆ ಕೂರುತ್ತಿದ್ದಳು. ಸಾಯುವ ವರ್ಷದವರೆಗೂ ಹಾಗೆಯೇ.

ಅದಕ್ಕೇ ಬೇಡುತ್ತೇನೆ. ಮಂಡಿ ನೋಯಲಿ, ಟೈಲ್ಸ್ ಹಾಗೆಯೇ ಇರಲಿ, ನೀನು ಹೋಗು. ಒಂದು ಸಲ ಆ ಬಸ್ಸಿನಿಂದ ಇಳಿ. ಎದ್ದು ನಿಂತವಳು ಮತ್ತೆ ಕೂರದಿರಲಿ.

ನಿನ್ನ,
ನೇಸರಾ