ಎರಡು ಸಾವಿರ ವರ್ಷದ ಹಲ್ಲು

ಮಾರ್ಚ್ ೯

ಪ್ರೀತಿಯ ತಂಗಿಗೆ,

ಏಳು ದೋಣಿಗಳ ಒಡತಿ, ಮೂವರು ಸೊಸೆಯರ ಅತ್ತೆ, ಈ ದ್ವೀಪದ ಸಭೆಯ ಅಧ್ಯಕ್ಷನ ತಾಯಿ, ನಿನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದ ಅಕ್ಕ ಬರೆಯುತ್ತಿದ್ದೇನೆ. ನಾನು ಗಟ್ಟಿಯಾಗಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ನಿನ್ನ ಎರಡು ಕಾಗದಗಳಿಗೆ ಉತ್ತರಿಸದಿದ್ದುದು ತಪ್ಪು. ತಪ್ಪೊಪ್ಪಿಕೊಂಡು ನನಗೆ ಅಭ್ಯಾಸವಿಲ್ಲ. ಈ ವಾರ ಇದು ಎರಡನೆಯ ಸಲ. ಮೊದಲನೆಯದನ್ನು ಹೇಳಲೆಂದೇ ಈ ಕಾಗದ.

ಶಾಲೆಯ ಹಿಂದಿನ ಹಳೆಯ ವಸ್ತುಗಳ ಕೋಣೆ ನಿನಗೆ ನೆನಪಿರಬೇಕು. ಗುಹೆಯಲ್ಲಿ ಸಿಕ್ಕಿದ ಮಗುವಿನ ತಲೆಬುರುಡೆ ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ, ಎರಡು ಸಾವಿರ ವರ್ಷ ಹಳೆಯದು. ಈ ದ್ವೀಪಕ್ಕೆ ಮೊದಲು ಬಂದವರು ಯಾರೆಂದು ತಿಳಿಯಲು ಪ್ರಯೋಗಾಲಯದ ಹುಡುಗಿಯೊಬ್ಬಳು ಅದರ ಹಲ್ಲನ್ನು ಕೆರೆದು ಪುಡಿ ಒಯ್ದಳು. ನಮ್ಮೆಲ್ಲರ ಕೆನ್ನೆಯ ಒಳಗನ್ನೂ ಹತ್ತಿಯಿಂದ ಒರೆಸಿಕೊಂಡಳು. ಹಲ್ಲಿನ ಡಿಎನ್‌ಎ ನನ್ನದಕ್ಕೆ ಹೊಂದುತ್ತದೆ ಎಂದು ಮೊದಲ ವರದಿ ಬಂತು.

ಅಂದಿನಿಂದ ದೊಡ್ಡ ಮಗನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನಾವೇ ಮೊದಲಿನವರು. ಬಂದರಿನವರು ಆಮೇಲೆ ಬಂದೋರು. ಉತ್ತರದ ಕೊಲ್ಲೀಲಿ ಅವರಿನ್ನು ಬಲೆ ಹಾಕೋ ಹಾಗಿಲ್ಲ," ಎಂದು ಠರಾವು ಬರೆದಿಟ್ಟ. ಆ ಕೊಲ್ಲಿ ತಪ್ಪಿದರೆ ಬಂದರಿನ ಮನೆಗಳಿಗೆ ಬೇರೆ ಅನ್ನವಿಲ್ಲ. ನಾನೂ ಬೀಗಿದೆ, ಸುಳ್ಳೇಕೆ? ಕಿರಿಯ ಸೊಸೆ ಮಾತ್ರ, "ಅತ್ತೆಯವರ ಹಠಕ್ಕೆ ಎರಡು ಸಾವಿರ ವರ್ಷ ಅಂತ ನನಗೆ ಮದುವೆ ದಿನಾನೇ ಗೊತ್ತಾಗಿತ್ತು," ಎಂದಳು.

ಹೋದ ಸೋಮವಾರ ಆ ಹುಡುಗಿ ಮಗನಿಗೆ ಫೋನ್ ಮಾಡಿದಳು. "ಹಳೇ ಡಿಎನ್‌ಎ ಚೂರುಚೂರಾಗಿರತ್ತೆ ಸಾರ್. ಇದು ನಿನ್ನೆ ಮೊನ್ನೇದರ ಹಾಗಿದೆ. ಬುರುಡೇನ ಯಾರಾದ್ರೂ ಮುಟ್ತಿದ್ರಾ?"

"ಯಾರೂ ಇಲ್ಲ," ಎಂದ.

ನಾನು ಪಕ್ಕದ ಕುರ್ಚಿಯಲ್ಲೇ ಬಟಾಣಿ ಬಿಡಿಸುತ್ತಿದ್ದೆ. ಆ ಕೋಣೆಯ ಕೀಲಿ ಇರುವುದು ನನ್ನ ಬಳಿಯೇ. ಮೂವತ್ತು ವರ್ಷದಿಂದ ವಾರಕ್ಕೊಮ್ಮೆ ಪೆಟ್ಟಿಗೆ ತೆರೆದು, ಕರವಸ್ತ್ರದ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡು ಆ ಹಲ್ಲುಗಳನ್ನು ಒರೆಸಿದವಳು ನಾನು. ಅವನಿಗೂ ಗೊತ್ತು, ಚಿಕ್ಕವನಿದ್ದಾಗ ಜೊತೆಗೆ ಬರುತ್ತಿದ್ದ.

"ಅವಳಿಗೆ ನಿಜ ಹೇಳು," ಎಂದೆ.

"ಸುಮ್ನಿರಮ್ಮ. ನೀನು ಬಾಯಿ ಬಿಟ್ರೆ ಮನೆ ಮಾನ ಹೋಗತ್ತೆ."

"ಅದು ನಮ್ಮ ವಂಶ ಅಲ್ಲ ಕಣೋ, ನನ್ನ ಎಂಜಲು. ಎಂಜಲು ತೋರಿಸಿ ಇನ್ನೊಬ್ಬರ ಅನ್ನ ಕಿತ್ಕೊಳ್ಳೋ ಮಗನ್ನ ನಾನು ಹೆತ್ತಿಲ್ಲ."

ಬುಧವಾರ ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟೆ. ಬಂದರಿನವನೊಬ್ಬ ಕಿಸಕ್ಕೆಂದ. "ನಗಪ್ಪ, ನಾಳೆ ಕೊಲ್ಲಿಗೂ ನಗ್ತಾನೇ ಹೋಗು," ಎಂದೆ. ಠರಾವು ಬಿದ್ದುಹೋಯಿತು. ಪ್ರಯೋಗಾಲಯಕ್ಕೂ ನನ್ನ ಕೈಯಾರೆ ಬರೆದು, ಸಹಿ ಹಾಕಿ ಕಳಿಸಿದ್ದೇನೆ. ಮಗ ಮಾತು ಬಿಟ್ಟಿದ್ದಾನೆ. ಬಿಡಲಿ, ಹಸಿವಾದರೆ ಮಾತು ತಾನೇ ಬರುತ್ತದೆ. ನಾವು ಮೊದಲಿನವರೋ ಕೊನೆಯವರೋ, ನಾನು ಯಾರ ಮುಂದೆಯೂ ತಲೆ ತಗ್ಗಿಸುವವಳಲ್ಲ.

ನಿನಗೂ ಮೊಮ್ಮಕ್ಕಳಿಗೂ ಒಳ್ಳೆಯದಾಗಲಿ. ಮಂಡಿಗೆ ಎಣ್ಣೆ ಹಚ್ಚಿಕೋ, ಸೋಮಾರಿತನ ಮಾಡಬೇಡ.

ನಿನ್ನ ಅಕ್ಕ

ತಾ.ಕ.: ಯಾಕೆ ಒರೆಸುತ್ತಿದ್ದೆ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ನಿನಗೆ ಹೇಳುತ್ತೇನೆ. ಆ ಮಗುವಿಗೆ ಐದಾರು ವರ್ಷವಂತೆ, ಹಾಲುಹಲ್ಲು ಇನ್ನೂ ಬಿದ್ದಿಲ್ಲ. ದೋಣಿ ಮಗುಚಿದಾಗ ನನ್ನ ಚಿಕ್ಕ ಮಗಳಿಗೂ ಅಷ್ಟೇ ವಯಸ್ಸು. ಸಮುದ್ರ ಅವಳನ್ನು ಹಿಂದಕ್ಕೆ ಕೊಡಲಿಲ್ಲ. ಒರೆಸಲು ನನಗೊಂದು ಮುಖ ಸಿಗಲಿಲ್ಲ. ಈಗ ಕಿವಿಯ ಒಳಗಿನ ಗಟ್ಟಿ ಮೂಳೆಯಿಂದ ಹೊಸದಾಗಿ ಪುಡಿ ತೆಗೆಯುತ್ತಾರಂತೆ. ಅಲ್ಲಿಯವರೆಗೆ ಯಾರ ಕೈಯೂ ತಾಗಬಾರದು. ಇಂದು ಬೆಳಿಗ್ಗೆ ಆ ಕೋಣೆಯ ಕೀಲಿಯನ್ನು ಬಂದರಿನ ಬಲೆ ಹೆಣೆಯುವವಳ ಕೈಗೆ ಕೊಟ್ಟು ಬಂದೆ. ನಾನೇ ಬಂದು ಕೇಳಿದರೂ ಕೊಡಬೇಡ ಎಂದು ಹೇಳಿದ್ದೇನೆ.