ಒಂಬತ್ತು ಗೂಟದ ಹಲಗೆ

ಮಾರ್ಚ್ 3, ಬೆಳಿಗ್ಗೆ 7

ಗುಳಿಗೆ ನುಂಗಿದೆ. ಇನ್ನೂರ ಹನ್ನೊಂದನೇ ದಿನ. ಒಳಗಿರುವುದು ಹೊಸ ಔಷಧಿಯೋ ಬರೀ ಹಿಟ್ಟೋ ನನಗೂ ಗೊತ್ತಿಲ್ಲ, ನರ್ಸ್ ಕರ್ಸ್ಟೀನ್‌ಗೂ ಗೊತ್ತಿಲ್ಲ. ಸಂಶೋಧನೆ ಎಂದರೆ ಹಾಗೆಯೇ ಅಂತೆ.

ಆಮೇಲೆ ಗೂಟ. ಒಂಬತ್ತು ಗೂಟ, ಒಂಬತ್ತು ತೂತು. ಬಲಗೈಯಲ್ಲೇ ಹಾಕಿ ತೆಗೆಯಬೇಕು. ಅಬರ್ಡೀನ್ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಇದೇ ಪರೀಕ್ಷೆ. ಎಂ.ಎಸ್. ಕಾಯಿಲೆ ನನ್ನ ನರಗಳನ್ನು ಎಷ್ಟು ತಿಂದಿದೆ ಎಂದು ನೋಡಲು. ಜಾರ್ಡಿ ಅದೇ ಅಳತೆಯ ಹಲಗೆ ಮಾಡಿಕೊಟ್ಟಿದ್ದಾನೆ, ದಡಕ್ಕೆ ತೇಲಿಬಂದ ಮರದಲ್ಲಿ. ಗಂಡ ಅಂದರೆ ಹೀಗಿರಬೇಕು. ಇವತ್ತು 27 ಸೆಕೆಂಡ್. ಡಿಸೆಂಬರ್‌ನಲ್ಲಿ 38.

ಮನೆಯಲ್ಲಿ ಅಭ್ಯಾಸ ಬೇಡ ಎಂದು ಆಸ್ಪತ್ರೆಯ ಕಾಗದದಲ್ಲಿ ಬರೆದಿದ್ದಾರೆ. ಜಾರ್ಡಿ ನಕ್ಕುಬಿಟ್ಟ.

"ದನಗಳ ಷೋಗೆ ಹಸು ಹೊಡ್ಕೊಂಡು ಹೋಗೋವಾಗ ಮೈ ತೊಳ್ದು ಬಾಲ ಬಾಚ್ದೆ ಹೋಗ್ತಾರೇನೇ? ಸೆಗಣಿ ಮೆತ್ಕೊಂಡಿರೋ ಹಸು ಯಾರಾದ್ರೂ ತೋರಿಸ್ತಾರಾ?"

ಅವನ ಹಸುಗಳಿಗೆ ಪ್ರತಿ ಆಗಸ್ಟ್‌ನಲ್ಲೂ ಬಹುಮಾನದ ರಿಬ್ಬನ್ ಬರುತ್ತದೆ. ಸರಿ ಅನ್ನಿಸಿತು.

ಮಾರ್ಚ್ 12, ಹಡಗಿನಲ್ಲಿ

ಮಂಜು. ವಿಮಾನ ಹಾರಲಿಲ್ಲ. ಹಡಗೇ ಗತಿ, ಹೋಗುವಾಗಲೂ ಬರುವಾಗಲೂ. ಪರೀಕ್ಷೆಯಲ್ಲಿ 24 ಸೆಕೆಂಡ್! ಕರ್ಸ್ಟೀನ್ ಕುರ್ಚಿಯಿಂದ ಎದ್ದೇಬಿಟ್ಟಳು.

"ಅಯ್ಯೋ ಥೋರಾ, ಏನ್ರೀ ಇದು! ನನ್ನ ಕೈಗಿಂತ ನಿಮ್ದೇ ಚುರುಕು!"

ಹೇಗಿದ್ದೀರಿ ಎಂದು ಕೇಳಿದಳು. "ಪರವಾಗಿಲ್ಲ." ನಮ್ಮ ಆರ್ಕ್ನಿ ದ್ವೀಪದಲ್ಲಿ ಕಾಲು ಮುರಿದವನೂ ಅದನ್ನೇ ಹೇಳುತ್ತಾನೆ. ಅವಳು ಬರೆದುಕೊಂಡಳು. ಎಲ್ಲಾದರೂ ಬಿದ್ದಿರಾ? ಇಲ್ಲ ಅಂದೆ. ಕೊಟ್ಟಿಗೆಯ ಮೆಟ್ಟಿಲಲ್ಲಿ ಬಿದ್ದದ್ದೇನು ದೊಡ್ಡದು...

ಊರಿಗೆಲ್ಲ ಫೋನ್ ಮಾಡಿದೆ. 24, 24 ಎಂದು. ನಾಚಿಕೆಯಿಲ್ಲದವಳು.

ಮಾರ್ಚ್ 30

ಕುರ್ಚಿಗೆ ಹುಲ್ಲಿನ ಬೆನ್ನೊರಗು ಹೊಲಿಯುತ್ತಿದ್ದೆ. ಇಪ್ಪತ್ತು ವರ್ಷದ ಕಸುಬು. ಸೂಜಿ ಜಾರಿತು. ಎತ್ತಿಕೊಂಡೆ. ಮತ್ತೆ ಜಾರಿತು. ಮಧ್ಯಾಹ್ನದವರೆಗೆ ಒಂದು ಸಾಲೂ ಆಗಲಿಲ್ಲ. ಡಿಸೆಂಬರ್‌ನಲ್ಲಿ ದಿನಕ್ಕೆ ಆರು ಸಾಲು ಹೊಲಿಯುತ್ತಿದ್ದೆ.

ಸಿಟ್ಟು ಬಂದು ಹಲಗೆ ತೆಗೆದೆ. 23 ಸೆಕೆಂಡ್.

ಕೈ ವಾಸಿಯಾಗಿಲ್ಲ. ಕೈಗೆ ಹಲಗೆ ಬಾಯಿಪಾಠವಾಗಿದೆ, ಅಷ್ಟೇ.

ಏಪ್ರಿಲ್ 19

ಇಪ್ಪತ್ತು ದಿನ ಬರೆಯಲಿಲ್ಲ. ಬರೆದರೆ ಒಪ್ಪಿಕೊಂಡಂತೆ.

ಇವತ್ತು ಫ್ರೇಯಾ ಬಂದಳು, ತಮ್ಮನ ಮಗಳು. ಇಪ್ಪತ್ತಮೂರು ವರ್ಷ. ಎಡಗಣ್ಣು ಮಂಜಾಗಿ ಫೆಬ್ರವರಿಯಲ್ಲಿ ಗೊತ್ತಾಯಿತು, ಅವಳಿಗೂ ಅದೇ ಕಾಯಿಲೆ ಎಂದು. ಅವಳದು ಬೇರೆ ಬಗೆ. ಅದಕ್ಕೆ ಒಳ್ಳೆಯ ಔಷಧಿ ಈಗಾಗಲೇ ಇದೆ, ಡ್ರಿಪ್‌ನಲ್ಲಿ ಕೊಡುತ್ತಾರೆ.

"ಡ್ರಿಪ್ ಬೇಡ ಅಂದ್ಬಿಟ್ಟೆ ಅತ್ತೆ. ನಿಮ್ಮ ಗುಳಿಗೆ ಹೊರಗೆ ಬರೋತಂಕ ಕಾಯ್ತೀನಿ. ಮೂವತ್ತೆಂಟರಿಂದ ಇಪ್ಪತ್ನಾಲ್ಕು! ಇನ್ನೇನು ಬೇಕು?"

ಬೆಣ್ಣೆ ಹಚ್ಚಿದ ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು. ಅವಳಿಗೆ ತಿನ್ನು ತಿನ್ನು ಅಂದೆ. ಅವಳ ಕಣ್ಣು ಹೋಗುತ್ತದೆ, ನನ್ನ ಜಂಬಕ್ಕೆ.

ಏಪ್ರಿಲ್ 20

ಆಸ್ಪತ್ರೆಗೆ ಹೇಳಿಬಿಡುತ್ತೇನೆ ಅಂದೆ. ಜಾರ್ಡಿ ಜೊತೆ ಜಗಳ.

"ಹೇಳಿದ್ರೆ ಆಚೆ ಹಾಕ್ತಾರೆ. ಗುಳಿಗೆನೂ ನಿಂತೋಗತ್ತೆ."

"ಹಿಟ್ಟಿದ್ರೆ?"

"ಔಷಧಿ ಇದ್ರೆ?"

ಅವನು ಅತ್ತ. ಹಸು ಸತ್ತಾಗ ಬಿಟ್ಟರೆ ಅವನು ಅತ್ತದ್ದು ನೋಡಿರಲಿಲ್ಲ.

ಏಪ್ರಿಲ್ 22, ಬೆಳಿಗ್ಗೆ 9:40

ಕರ್ಸ್ಟೀನ್‌ಗೆ ಫೋನ್ ಮಾಡಿ ಹೇಳಿದೆ. ಹಲಗೆ, ಮೆಟ್ಟಿಲು, ಸೂಜಿ, ಎಲ್ಲ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಥೋರಾ... ನಿಮ್ಮ ದ್ವೀಪದಿಂದ ಇನ್ನೂ ಹತ್ತು ಜನ ಬರ್ತಾರಲ್ರೀ. ಅವರ ಮನೇಲೂ ಹಲಗೆ ಇದ್ಯಾ?"

ಇದೆ. ಜಾರ್ಡಿ ನಾಲ್ವರಿಗೆ ಮಾಡಿಕೊಟ್ಟಿದ್ದಾನೆ. ಅದನ್ನೂ ಹೇಳಿದೆ.

ನನ್ನ ವಿಷಯ ಡಾಕ್ಟರುಗಳು ಕೂತು ತೀರ್ಮಾನಿಸುತ್ತಾರಂತೆ.

ಏಪ್ರಿಲ್ 26

ಫ್ರೇಯಾಳನ್ನು ಕರೆಸಿದೆ. ಜಾರ್ಡಿಯ ಸ್ಟಾಪ್‌ವಾಚ್ ಅವಳ ಕೈಗೆ ಕೊಟ್ಟೆ. ಮೊದಲು ಗೂಟ, 23. ಅವಳು ಚಪ್ಪಾಳೆ ತಟ್ಟಿದಳು. "ಈಗ ಇದನ್ನ ನೋಡು" ಎಂದು ಸೂಜಿಗೆ ದಾರ ಪೋಣಿಸಲು ಕೂತೆ.

ಒಂದು ನಿಮಿಷ. ಎರಡು. ಸೂಜಿ ಬಿತ್ತು. ಎತ್ತಲು ಬಗ್ಗಿದಳು, ಬೇಡ ಅಂದೆ. ನಾಲ್ಕು ನಿಮಿಷ. ವಾಚು ನಿಲ್ಲಿಸುವುದನ್ನೇ ಮರೆತಿದ್ದಳು.

"ಯಾಕೆ ಸುಳ್ಳು ಹೇಳಿದ್ರಿ?"

"ಚೆನ್ನಾಗಿ ಕಾಣ್ಬೇಕು ಅಂತ ಕಣೇ."

ವಾಚನ್ನು ಮೇಜಿನ ಮೇಲೆ ಕುಕ್ಕಿ ಹೊರಟುಹೋದಳು. ಬಾಗಿಲೂ ಹಾಕಲಿಲ್ಲ. ಗಾಳಿಗೆ ಕುರ್ಚಿಯ ಹುಲ್ಲೆಲ್ಲ ಅಡುಗೆಮನೆ ತುಂಬ.

ಮೇ 21, ಮಧ್ಯಾಹ್ನ

ಆಸ್ಪತ್ರೆಯ ಕಾಗದ ಬಂತು. ಗುಳಿಗೆ ನಿಲ್ಲಿಸುವುದಿಲ್ಲವಂತೆ, ಆದರೆ ನನ್ನ ಕೈಯ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಾರ್ಡಿ ಐದೂ ಹಲಗೆಗಳನ್ನು ವಾಪಸ್ ತಂದು ಒಲೆಗೆ ಹಾಕಿದ.

ಆಗ ಫೋನ್. ಫ್ರೇಯಾ. ಇಪ್ಪತ್ತೈದು ದಿನದ ಮೇಲೆ ಮೊದಲ ಸಲ.

"ಅಬರ್ಡೀನ್‌ನಲ್ಲಿದೀನಿ ಅತ್ತೆ. ಡ್ರಿಪ್ ಹಾಕಿದಾರೆ. ಮೊದಲ್ನೇದು."

ಫೋನನ್ನು ಎಡಗೈಗೆ ಬದಲಾಯಿಸಿಕೊಂಡೆ.

"ಕೇಳಿಸ್ತಾ? ನೀವು ಹೇಗಿದ್ದೀರಾ?"

ಪರವಾಗಿಲ್ಲ — ನಾಲಿಗೆಯ ತುದಿಗೇ ಬಂದಿತ್ತು. ನುಂಗಿದೆ. ಕುರ್ಚಿ ಎಳೆದು ಕೂತೆ. "ಹೇಳ್ತೀನಿ ಕೇಳು," ಅಂದೆ, "ಬೆಳಿಗ್ಗೆ ಎದ್ದಾಗ ಬಲಗೈ..."